ನಾಲ್ಕು ಸೆಕೆಂಡಿನ ಬೆವರು

ಹಾಸಿಗೆಯೊಂದರ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ ಎಂದು ನೀವು ನಗಬಹುದು. ದ್ರಾಕ್ಷಾಯಣಿ ಪಟ್ಟಳು. ಅಂಥಿಂಥ ಹೊಟ್ಟೆಕಿಚ್ಚಲ್ಲ, ಉಂಡದ್ದು ಮೈಗೆ ಹತ್ತದಂಥದ್ದು. ಸವತಿಯೇ ಬಂದಿದ್ದರೂ ಆಕೆ ಇಷ್ಟು ಉರಿಯುತ್ತಿರಲಿಲ್ಲ. ಸವತಿಯಾದರೆ ಜಡೆ ಹಿಡಿದು ಜಗ್ಗಬಹುದು, ಹಾಸಿಗೆಗೆ ಜಡೆ ಎಲ್ಲಿಂದ ತರೋಣ?

ಹುಬ್ಬಳ್ಳಿಯ ಒಂದು ದೊಡ್ಡ ದವಾಖಾನೆಯ ಐಸಿಯುದಲ್ಲಿ ಆಕೆ ಇಪ್ಪತ್ಮೂರು ವರ್ಷದಿಂದ ನರ್ಸು. ಅಲ್ಲಿಗೆ ಬರುವ ಮುದುಕರು ಯಂತ್ರದ ಉಸಿರಿನಲ್ಲಿ ದಿನಗಟ್ಟಲೆ ಮಲಗಿರುತ್ತಾರೆ, ತಾವಾಗಿ ಮಗ್ಗುಲು ಬದಲಿಸಲಾರರು. ಮೇಲೆ ಎಲುಬು, ಕೆಳಗೆ ಹಾಸಿಗೆ, ನಡುವೆ ಸಿಕ್ಕ ಮಾಂಸಕ್ಕೆ ರಕ್ತ ಹರಿಯುವುದಿಲ್ಲ. ಎರಡು ಮೂರು ತಾಸಿನಲ್ಲಿ ಅಲ್ಲಿ ಕೆಂಪಾಗುತ್ತದೆ, ಆಮೇಲೆ ನೇರಳೆ, ಆಮೇಲೆ ತೊಗಲು ಬಿರಿದು ಹುಣ್ಣು. ನ್ಯುಮೋನಿಯಾ ಗೆದ್ದ ಗಟ್ಟಿ ಜೀವಗಳು ಬೆನ್ನಿನ ಹುಣ್ಣಿಗೆ ಸೋತುಹೋದದ್ದನ್ನು ದ್ರಾಕ್ಷಾಯಣಿ ಕಣ್ಣಾರೆ ಕಂಡಿದ್ದಳು.

ಅದಕ್ಕಿದ್ದ ಮದ್ದು ಒಂದೇ, ಎರಡು ತಾಸಿಗೊಮ್ಮೆ ಹೊರಳಿಸುವುದು. ಎಲ್ಲ ನರ್ಸುಗಳೂ ಹೊರಳಿಸುತ್ತಿದ್ದರು, ದ್ರಾಕ್ಷಾಯಣಿ ಹೊರಳಿಸುವ ರೀತಿಯೇ ಬೇರೆ. ಮೊದಲು ಹೆಗಲ ಮೇಲೆ ಮೂರು ಸಲ ಮೆಲ್ಲಗೆ ತಟ್ಟಿ, ಎಚ್ಚರವಿಲ್ಲದವರನ್ನೂ "ಹೊರಳೂಣ್ರಿ?" ಎಂದು ಕೇಳುವಳು. ಬಾಲದೆಲುಬಿನ ಕೆಳಗೆ ಅಂಗೈ ತೂರಿಸಿ, ಬಿಸಿ ಹೆಚ್ಚಿದೆಯೋ ತಣ್ಣಗಾಗಿದೆಯೋ ನೋಡುವಳು. ಹಿಮ್ಮಡಿಯನ್ನು ಕಿರುಬೆರಳಿನಿಂದ ಎತ್ತಿ ಗಾಳಿ ಆಡಿಸುವಳು, ಮಡಚಿಕೊಂಡ ಕಿವಿಯನ್ನು ಬಿಡಿಸುವಳು. ಆಕೆಯ ಪಾಳಿಯಲ್ಲಿ ಒಬ್ಬರಿಗೂ ಹುಣ್ಣಾದದ್ದಿಲ್ಲ. ಆದರೆ ಪಾಳಿ ಎಂಟೇ ತಾಸಿನದು, ಕೈ ಇದ್ದದ್ದು ಎರಡೇ. ಉಳಿದ ಪಾಳಿಗಳಲ್ಲಿ ಹುಣ್ಣಾಗುತ್ತಿತ್ತು, ಮತ್ತು ನಿಜ ಹೇಳಬೇಕೆಂದರೆ, ಹಾಗಾದಾಗ ಆಕೆಗೆ ಮರುಕದ ಜೊತೆ ಒಂದಿಷ್ಟು ಹೆಮ್ಮೆಯೂ ಆಗುತ್ತಿತ್ತು.

ಆಗ ಬಂದವಳು ನಿಶಾತ್ ಸವಣೂರ. ಮೂವತ್ತೊಂದರ ಹುಡುಗಿ, ವೈದ್ಯಕೀಯ ಉಪಕರಣಗಳ ಎಂಜಿನಿಯರು, ಮಾತಿಗೆ ಮೊದಲು ನಗುವ ಪೈಕಿ. ಅವಳು ಮಾಡುತ್ತಿದ್ದದ್ದು ತಾನೇ ಹೊರಳಿಸುವ ಹಾಸಿಗೆ. ಅದರ ಹೊಟ್ಟೆಯಲ್ಲಿ ಎರಡು ಸಾವಿರಕ್ಕೂ ಮೇಲೆ ಪುಟ್ಟ ಗಾಳಿಚೀಲಗಳು, ಒಂದೊಂದರ ಮೇಲೂ ಸಾಸಿವೆಯಷ್ಟು ಬೆಳಕಿನ ಕಣ್ಣು. ಆ ಕಣ್ಣು ಬಟ್ಟೆಯನ್ನು ದಾಟಿ ತೊಗಲಿನಲ್ಲಿ ರಕ್ತ ಓಡುತ್ತಿದೆಯೋ ಇಲ್ಲವೋ ಎಂಬುದನ್ನು ಓದುತ್ತದೆ. ಎಲ್ಲಿ ರಕ್ತ ಕಡಿಮೆಯಾಯಿತೋ ಅಲ್ಲಿಯ ಚೀಲ ಇಳಿಯುತ್ತದೆ, ಅಕ್ಕಪಕ್ಕದವು ಉಬ್ಬಿ ಭಾರ ಹೊರುತ್ತವೆ. ತೊಗಲು ಕೆಂಪಾಗುವ ಮೊದಲೇ ಕೆಲಸ ಮುಗಿದಿರುತ್ತದೆ. ಆದರೆ ನಾಜೂಕಾಗಿ ಹೊರಳಿಸುವುದು ಹೇಗೆಂದು ಯಾರಾದರೂ ಅದಕ್ಕೆ ಕಲಿಸಬೇಕಲ್ಲ.

"ಸಿಸ್ಟರ್, ನಿಮ್ಮ ಕೈ ನನಗ ಮೂರ್ ತಿಂಗಳ ಕಡಾ ಕೊಡ್ರಿ," ಅಂದಳು ನಿಶಾತ್.

ದ್ರಾಕ್ಷಾಯಣಿ ಉಬ್ಬಿಹೋದಳು. ತಂತಿಗಳ ತೆಳುವಾದ ಕೈಗವಸು ತೊಟ್ಟು ಮೂರು ತಿಂಗಳು ಮುದುಕರನ್ನು ಹೊರಳಿಸಿದಳು. ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು, ಎಲ್ಲವನ್ನೂ ಗವಸು ಬರೆದುಕೊಂಡಿತು. ಒಂದು ದಿನ ಘಟಕದ ಮುಖ್ಯಸ್ಥ ಡಾಕ್ಟರ್ ಹಂಪಿಹೊಳಿ ಪರದೆಯ ಮೇಲೆ ಕುಣಿಯುವ ಆಕೆಯ ಬೆರಳುಗಳನ್ನು ನೋಡಿ ಹೊಟ್ಟೆ ಕುಲುಕಿಸಿ ನಕ್ಕರು. "ಭೇಷ್! ಇನ್ನ ನಮ್ ದ್ರಾಕ್ಷಾಯಣಿ ಬರಲಿಲ್ಲಂದ್ರೂ ನಡೀತೈತಿ ಬಿಡ್ರಿ!"

ಪಾಪ, ಅವರು ತಮಾಷೆಗೆ ಅಂದದ್ದು. ಆಕೆಯ ಎದೆಯಲ್ಲಿ ಅದು ಮುಳ್ಳಾಗಿ ಮುರಿದುಕೊಂಡಿತು.

ಮರುದಿನವೇ ನಿಶಾತ್ ಒಂದು ಪ್ರಶ್ನೆ ಹಿಡಿದು ಬಂದಳು. "ಸಿಸ್ಟರ್, ಕೆಲವು ಪೇಶಂಟ್‌ನ ಹೊರಳಿಸೂವಾಗ ಅಷ್ಟ, ನಿಮ್ಮ ಎಡಗೈ ನಾಕ್ ಸೆಕೆಂಡ್ ಮಾಯ ಆಗ್ತದ. ಗವಸಿನಾಗ ಏನೂ ಬರೂದಿಲ್ಲ. ಆವಾಗ ಏನ್ ಮಾಡ್ತೀರಿ?"

ಆ ನಾಲ್ಕು ಸೆಕೆಂಡಿನಲ್ಲಿ ಆಕೆ ಮಾಡುತ್ತಿದ್ದದ್ದು ಇಷ್ಟೇ. ಈ ಸೀಮೆಯ ಲಿಂಗಾಯತ ಹಿರಿಯರ ಕೊರಳಲ್ಲಿ ಕರಡಿಗೆ ಇರುತ್ತದೆ. ನಿಂಬೆಹಣ್ಣಿನಷ್ಟು ಬೆಳ್ಳಿಯ ಡಬ್ಬಿ, ಅದರೊಳಗೆ ಇಷ್ಟಲಿಂಗ, ಕೊರಳಿಗೆ ಕಟ್ಟಿದ ಶಿವದಾರ. ಉಸಿರಿರುವತನಕ ಅದನ್ನು ಮೈಯಿಂದ ಅಗಲಿಸುವುದಿಲ್ಲ. ರೋಗಿಯನ್ನು ಹೊರಳಿಸಿದಾಗ ಅದು ಜಾರಿ ಬೆನ್ನಿನಡಿ ಸೇರಿದರೆ ಅಲ್ಲೇ ಒತ್ತಿ ಹುಣ್ಣು ಮಾಡುತ್ತದೆ. ದ್ರಾಕ್ಷಾಯಣಿ ಪ್ರತಿಸಲ ಶಿವದಾರ ಹಿಡಿದು ಅದನ್ನು ಎದೆಯ ಮೇಲೆ ತಂದಿಡುತ್ತಿದ್ದಳು. ಇನ್ನೊಬ್ಬರ ಲಿಂಗಕ್ಕೆ ತಂತಿಯ ಗವಸು ತಾಗಿಸಲು ಮನಸ್ಸೊಪ್ಪದೆ, ಆ ಹೊತ್ತಿಗೆ ಎಡಗೈಯ ಗವಸು ಕಳಚಿ ಬರಿಗೈಯಲ್ಲಿ ಸರಿಸುತ್ತಿದ್ದಳು.

ಇದನ್ನು ಹೇಳಲು ಒಂದು ನಿಮಿಷ ಸಾಕಾಗಿತ್ತು.

"ಬೆವರ ಒರಸ್ಕೋತೀನ್ರಿ," ಅಂದಳು ದ್ರಾಕ್ಷಾಯಣಿ.

"ಈ ಏಸಿಯೊಳಗ ಬೆವರ?"

"ಭಾರದ ಪೇಶಂಟ್ ಎತ್ತಿ ನೋಡ್ರಿ, ನಿಮಗೂ ಬರ್ತೈತಿ."

ನಿಶಾತ್ ನಗುತ್ತ ಆ ನಾಲ್ಕು ಸೆಕೆಂಡುಗಳನ್ನೆಲ್ಲ ಕತ್ತರಿಸಿ ಬಿಸಾಡಿದಳು. ಗವಸು ಕಳಚಿದ್ದು ಭಕ್ತಿ, ಸುಳ್ಳು ಹೇಳಿದ್ದು ಹೊಟ್ಟೆಕಿಚ್ಚು. ಇದೊಂದಾದರೂ ನನ್ನ ಹತ್ತಿರ ಉಳಿಯಲಿ ಎಂದು ಆಕೆ ಅವತ್ತು ಅಂದುಕೊಂಡಳು.

ಶ್ರಾವಣದಲ್ಲಿ ಹದಿನೆಂಟು ಹಾಸಿಗೆಗಳು ಬಂದವು. ಹದಿನೆಂಟೂ ಜನರ ಮೈ ನಿಯಂತ್ರಣ ಕೋಣೆಯ ಪರದೆಯ ಮೇಲೆ ಹಸಿರಾಗಿ ಕಾಣತೊಡಗಿತು. ಹಸಿರೆಂದರೆ ರಕ್ತ ಚೆನ್ನಾಗಿ ಓಡುತ್ತಿದೆ ಎಂದರ್ಥ, ಹಳದಿಯೆಂದರೆ ಕಡಿಮೆ, ಕೆಂಪೆಂದರೆ ಅಪಾಯ. ರಕ್ತವೇ ಇಲ್ಲದ ವಸ್ತುಗಳು, ಅಂದರೆ ನಳಿಕೆ, ಕ್ಲಿಪ್ಪು, ಗುಂಡಿ, ಇಂಥವು ಬೂದುಬಣ್ಣ. ಬೂದುಬಣ್ಣವನ್ನು ಹಾಸಿಗೆ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಿಡಿದರೆ ಒಂದೊಂದು ನಳಿಕೆಗೂ ಗಂಟೆ ಬಾರಿಸುತ್ತ ಕೂಡಬೇಕಾದೀತು ಎಂದು ನಿಶಾತ್ ಹಾಗೆ ಮಾಡಿದ್ದಳು. ರೋಗಿಯನ್ನು ನರ್ಸುಗಳು ಹೊರಳಿಸಬಾರದು, ಹಾಸಿಗೆಯ ಅಂದಾಜು ತಪ್ಪುತ್ತದೆ ಎಂಬ ನಿಯಮವೂ ಬಂತು. ಅನುಭವ ಹೆಚ್ಚೆಂದು ದ್ರಾಕ್ಷಾಯಣಿಯನ್ನು ಆ ಕೋಣೆಯಲ್ಲಿ ಪರದೆಯ ಮುಂದೆ ಕೂಡಿಸಿದರು. ಎಲ್ಲರೂ ಅದನ್ನು ಬಡ್ತಿ ಅಂದರು.

ಆಕೆ ಗಾಜಿನಾಚೆ ನೋಡುತ್ತ ಕುಳಿತಳು. ಪ್ರತಿ ಹಾಸಿಗೆಯೂ ಹೊರಳಿಸುವ ಮೊದಲು ಹೆಗಲಿನಡಿ ಮೂರು ಸಲ ಮೆಲ್ಲಗೆ ಉಬ್ಬುತ್ತಿತ್ತು. ತಟ್, ತಟ್, ತಟ್. ಅದು ಆಕೆಯ ತಟ್ಟು. ಅದನ್ನು ತೆಗೆಯಬೇಕೆಂದಿದ್ದೆ, ಆದರೆ ಹಾಗೆ ತಟ್ಟಿ ಹೊರಳಿಸಿದರೆ ಮುದುಕರ ರಕ್ತದೊತ್ತಡ ಏರುವುದಿಲ್ಲ, ಅದಕ್ಕೇ ಬಿಟ್ಟೆ ಎಂದು ನಿಶಾತ್ ಸಂಭ್ರಮದಿಂದ ಹೇಳಿದ್ದಳು. ದ್ರಾಕ್ಷಾಯಣಿಗೆ ಮಾತ್ರ ತನ್ನ ಸೀರೆ ಉಟ್ಟು ಯಾರೋ ತನ್ನೆದುರೇ ಓಡಾಡಿದಂತಾಗುತ್ತಿತ್ತು. ಮೂರು ವಾರ ಕಳೆದರೂ ಒಂದೂ ಹುಣ್ಣಾಗಲಿಲ್ಲ. ಲಿಂಗಾಯತ ಮುದುಕರು ನಾಲ್ಕಾರು ಮಂದಿ ಬಂದುಹೋದರು, ಅವರ ಮನೆಯವರು ಹೇಗೋ ಕರಡಿಗೆಯನ್ನು ತೋಳಿಗೆ ಕಟ್ಟಿಬಿಟ್ಟಿದ್ದರು. ಒಂದಾದರೂ ತಪ್ಪು ಮಾಡಬಾರದೇ ಈ ಹಾಸಿಗೆ ಎಂದು ಆಕೆಗೆ ಅನ್ನಿಸುತ್ತಿತ್ತು, ಅನ್ನಿಸಿದ್ದಕ್ಕೆ ನಾಚಿಕೆಯೂ ಆಗುತ್ತಿತ್ತು. ನಾಚಿಕೆಯಾದರೂ ಅನ್ನಿಸುವುದು ನಿಲ್ಲುತ್ತಿರಲಿಲ್ಲ.

ಅಷ್ಟರಲ್ಲಿ ಅತ್ತೆ ನೀಲಗಂಗವ್ವನಿಗೆ ಎದೆಯಲ್ಲಿ ಕಫ ಕಟ್ಟಿ ಉಸಿರು ಹತ್ತಿತು. ಎಪ್ಪತ್ತೊಂಬತ್ತರ ಮುದುಕಿ, ಸಕ್ಕರೆ ಕಾಯಿಲೆ ಬೇರೆ. ಹದಿನೆಂಟರ ಪೈಕಿ ಏಳನೇ ಹಾಸಿಗೆಗೆ ಬಂದಳು. ಮುಖಕ್ಕೆ ಮಾಸ್ಕು ಬಿಗಿದು ಮಂಪರಿಗೆ ಜಾರುವ ಮೊದಲು, "ಕರಡಿಗಿ ಎದಿಮ್ಯಾಲಿಂದ ಸರಸೀರಿ ಮತ್ತ!" ಎಂದು ನರ್ಸುಗಳನ್ನು ಗದರಿಸಿಯೇ ಕಣ್ಣು ಮುಚ್ಚಿದಳು. ಅದನ್ನು ತೋಳಿಗೆ ಕಟ್ಟುವ ಧೈರ್ಯ ಯಾರಿಗೂ ಆಗಲಿಲ್ಲ.

ಮನೆಯವರ ಶುಶ್ರೂಷೆ ಮನೆಯವರೇ ಮಾಡುವಂತಿಲ್ಲ ಎಂಬುದು ಆ ದವಾಖಾನೆಯ ಹಳೇ ಕಟ್ಟಳೆ. ಹೀಗಾಗಿ ದ್ರಾಕ್ಷಾಯಣಿ ಅತ್ತೆಯನ್ನು ಪರದೆಯ ಮೇಲೆ ಹಸಿರು ಆಕಾರವಾಗಿ ನೋಡಬೇಕಾಯಿತು. ಅತ್ತೆ ಸೊಸೆಯರು ಜಗಳಗಂಟಿಯರೇನಲ್ಲ, ಆದರೆ ಅವರ ನಡುವೆ ಒಂದು ಒಳ್ಳೆಯ ಮಾತಿಗೆ ಯಾವಾಗಲೂ ಬರ. ಮೂರು ವರ್ಷದ ಹಿಂದೆ ಅತ್ತೆಯ ಸೊಂಟ ಮುರಿದಾಗ ದ್ರಾಕ್ಷಾಯಣಿ ಎರಡು ತಿಂಗಳು ರಜೆ ಹಾಕಿ, ತಾಸು ತಾಸಿಗೆ ಹೊರಳಿಸಿ, ಕರಡಿಗೆ ಸರಿಸಿ, ಒಂದು ಗೀರೂ ಬೀಳದಂತೆ ನೋಡಿಕೊಂಡಿದ್ದಳು. ಎದ್ದು ಕುಳಿತ ದಿನ ಅತ್ತೆ ಅಂದದ್ದು, "ಇವತ್ತ ಸಾರಿಗೆ ಉಪ್ಪ ಕಡಿಮಿ ಆಗೈತಿ."

ಐದನೇ ದಿನ ಬೆಳಿಗ್ಗೆ ಗಂಡ ಗುರುಶಾಂತ ದವಾಖಾನೆಯಿಂದ ಖುಷಿಯಾಗಿ ಬಂದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆದ ಆತನಿಗೆ ಯಂತ್ರಗಳೆಂದರೆ ಪಂಚಪ್ರಾಣ. ದ್ರಾಕ್ಷಾಯಣಿ ಪಾಳಿಗೆ ಹೊರಡುವ ಗಡಿಬಿಡಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು.

"ಅವ್ವ ಮಾತಾಡಿದ್ಲು! ನೀರ ಕುಡಸಾಕ ಮಾಸ್ಕ್ ಸರಿಸಿದ್ರು ನೋಡು, ಆವಾಗ. ಕಣ್ಣ ತೆಗಿಲಿಲ್ಲ. 'ಏನ್ ಹಗೂರ ಕೈಯೋ ಗುರು, ಹೊರಳಿಸಿದ್ದ ಗೊತ್ತಾಗೂದಿಲ್ಲ' ಅಂದ್ಲು. ನಿಮ್ಮ ಹಾಸಿಗಿಗಿ ಅವ್ವನ ಕಡಿಂದ ಸರ್ಟಿಫಿಕೇಟ್ ಸಿಕ್ತ ಬಿಡು!"

ಕೈಯಲ್ಲಿದ್ದ ರೊಟ್ಟಿ ಎರಡು ಹೋಳಾಯಿತು. "ನಿಮ್ಮ ಅವ್ವ ನನಗ ಇಪ್ಪತ್ತೈದು ವರ್ಷದಾಗ ಒಮ್ಮೆರ ಹಂಗ ಅಂದಾರೇನು?"

"ನಿನಗೇನ ಹೇಳೂದು, ನೀ ಮನೀಯಾಕಿ," ಅಂದ ಗುರುಶಾಂತ, ತಾನು ಒಳ್ಳೆಯದನ್ನೇ ಹೇಳಿದೆ ಎಂಬ ನಂಬಿಕೆಯಲ್ಲಿ. ಆ ಮನೀಯಾಕಿ ಮುರಿದ ರೊಟ್ಟಿಯನ್ನು ಆತನ ತಾಟಿಗೇ ಹಾಕಿ, ತಾನು ಉಣ್ಣದೆ ಹೊರಟುಹೋದಳು.

ಹನ್ನೊಂದರ ಹೊತ್ತಿಗೆ ಏಳನೇ ಹಾಸಿಗೆಯ ಪರದೆಯಲ್ಲಿ ಆಕೆ ಅದನ್ನು ಕಂಡಳು. ಎಡ ಹೆಗಲೆಲುಬಿನ ಕೆಳಗೆ, ನಿಂಬೆಹಣ್ಣಿನಷ್ಟು ದುಂಡನೆಯ ಬೂದು ಚುಕ್ಕೆ. ಸುತ್ತಲೂ ಹಸಿರು. ಹಾಸಿಗೆ ಎಲ್ಲವೂ ಸರಿಯಾಗಿದೆ ಎನ್ನುತ್ತಿತ್ತು. ಹಿಂದಿನದನ್ನು ತೆಗೆದು ನೋಡಿದರೆ ಚುಕ್ಕೆ ಬೆಳಗಿನ ಒಂಬತ್ತರಿಂದಲೂ ಅಲ್ಲೇ ಇತ್ತು. ಹಾಸಿಗೆ ಅತ್ತೆಯನ್ನು ಬಲಕ್ಕೆ ಹೊರಳಿಸಿ, ಮತ್ತೆ ತಂದು ಅದರ ಮೇಲೆಯೇ ಮಲಗಿಸಿತ್ತು.

ಅದೇನೆಂದು ಊಹಿಸಬೇಕಾದ ಗರಜು ಆಕೆಗಿರಲಿಲ್ಲ. ಎದ್ದು ಇಪ್ಪತ್ತು ಹೆಜ್ಜೆ ನಡೆದು ಶಿವದಾರ ಹಿಡಿದು ಎಳೆದರೆ ಮುಗಿಯಿತು.

ಆಕೆ ಏಳಲಿಲ್ಲ.

"ನೋಡೋಣ," ಎಂದು ಹಾಸಿಗೆಗೆ ಹೇಳುವವಳಂತೆ ಮೆಲ್ಲಗೆ ಅಂದಳು. "ಹಗೂರ ಕೈ ಅಲ್ಲೇನ ನಿಂದು? ಸರಸ, ನೋಡೋಣ." ಹನ್ನೆರಡಾಯಿತು. ಗಾಜಿನಾಚೆ ಹಾಸಿಗೆ ಮೂರು ಸಲ ತಟ್ಟಿ ಅತ್ತೆಯನ್ನು ಒಂದಿಷ್ಟು ವಾಲಿಸಿ ಮತ್ತೆ ಇಳಿಸಿತು. ಚುಕ್ಕೆ ಕದಲಲಿಲ್ಲ. ಸೋತಿತು, ಸೋತಿತು ಎಂದು ಆಕೆಯ ಒಳಗೆ ಏನೋ ಕುಣಿಯಿತು. ಸುಳ್ಳು ಯಾಕೆ ಹೇಳಬೇಕು, ಮೂರು ವಾರದಲ್ಲಿ ಆಕೆ ಅಷ್ಟು ಸುಖಪಟ್ಟದ್ದು ಅದೇ ಹೊತ್ತು. ಚಹಾ ತರಿಸಿಕೊಂಡು ಕುಡಿದಳು ಕೂಡ. ಸಕ್ಕರೆ ಇದ್ದವರ ತೊಗಲು ಎಷ್ಟು ಬೇಗ ಸಾಯುತ್ತದೆ ಎಂಬುದು ಆ ಕಟ್ಟಡದಲ್ಲಿ ಆಕೆಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ, ಆದರೂ ಒಂದೂವರೆಯತನಕ ಕುಳಿತೇ ಇದ್ದಳು.

ಒಂದೂವರೆಗೆ ಬೂದು ಚುಕ್ಕೆಯ ಸುತ್ತ ಕೂದಲೆಳೆಯಷ್ಟು ಕೆಂಪು ಬಳೆ ಮೂಡಿತು. ಕುರ್ಚಿ ಉರುಳಿದ್ದೂ ತಿಳಿಯದೆ ದ್ರಾಕ್ಷಾಯಣಿ ಓಡಿದಳು. ಕಟ್ಟಳೆ, ನಿಯಮ ಎಲ್ಲ ಬದಿಗಿಟ್ಟು ಅತ್ತೆಯ ಬೆನ್ನಿಗೆ ಕೈ ತೂರಿಸಿ ಕರಡಿಗೆಯನ್ನು ಹೊರತೆಗೆದಳು. ಅದಿದ್ದ ಜಾಗದಲ್ಲಿ ತೊಗಲು ನೇರಳೆಗೆ ತಿರುಗಿತ್ತು. ಬೆರಳಿನಿಂದ ಒತ್ತಿದಳು, ಬಣ್ಣ ಮಾಸಲಿಲ್ಲ. ಮಾಸದಿದ್ದರೆ ಪೆಟ್ಟು ಆಳಕ್ಕೆ ಇಳಿದಿದೆ ಎಂದೇ ಅರ್ಥ. ಅದು ಬಿರಿಯುತ್ತದೋ ಇಲ್ಲವೋ ಎಂಬುದು ಎಂಟು ಹತ್ತು ದಿನ ಕಳೆಯದೆ ಗೊತ್ತಾಗುವುದಿಲ್ಲ. ಬಿರಿದರೆ ಈ ವಯಸ್ಸಿನಲ್ಲಿ ಕೂಡಿಕೊಳ್ಳುವ ಹುಣ್ಣಲ್ಲ.

ಮರುದಿನ ಡಾಕ್ಟರ್ ಹಂಪಿಹೊಳಿಯವರ ಕೋಣೆಯಲ್ಲಿ ಸಭೆ ಸೇರಿತು. ನಿಶಾತ್ ಅತ್ತು ಕಣ್ಣು ಊದಿಸಿಕೊಂಡಿದ್ದಳು. "ತಪ್ಪು ನಂದ್ರಿ ಸರ್. ಬೂದುಬಣ್ಣ ಬಿಟ್ಟುಬಿಡು ಅಂತ ಅದಕ್ಕ ಕಲಿಸಿದಾಕಿ ನಾನ. ಹಾಸಿಗೆಲ್ಲ ವಾಪಸ್ ತಗೋತೀನಿ."

ಡಾಕ್ಟರು ತಲೆಯಾಡಿಸಿದರು. "ಕಡೀಕ ನಮ್ ದ್ರಾಕ್ಷಾಯಣಿ ಕೈನ ಬೇಕಾತು ನೋಡ್ರಿ. ಆಕಿ ನೋಡಲಿಲ್ಲಂದ್ರ ಏನ ಗತಿ ಆಗ್ತಿತ್ತ?"

ಇದೇ ಮಾತನ್ನಲ್ಲವೇ ಆಕೆ ಮೂರು ತಿಂಗಳಿಂದ ಬಯಸಿದ್ದು? ಬಾಗಿಲಲ್ಲಿ ಇನ್ನಿಬ್ಬರು ನರ್ಸುಗಳು ಆಕೆಯತ್ತ ಮೆಚ್ಚಿ ನೋಡುತ್ತಿದ್ದರು. ಬಾಯಿ ಮುಚ್ಚಿಕೊಂಡು ನಿಂತರೆ ಸಾಕು, ಹದಿನೆಂಟು ಹಾಸಿಗೆಗಳೂ ಲಾರಿ ಹತ್ತುತ್ತವೆ, ಆಕೆಯ ಕೈ ಮತ್ತೆ ಆಕೆಯದಾಗುತ್ತದೆ. ಉಳಿದ ಪಾಳಿಗಳಲ್ಲಿ ಮೊದಲಿನಂತೆ ಹುಣ್ಣುಗಳೂ ಆಗುತ್ತವೆ. ಆಕೆಗೆ ಅತ್ತೆಯ ಬೆನ್ನಿನ ನೇರಳೆ ಬಣ್ಣ ನೆನಪಾಯಿತು.

"ನಾ ಹನ್ನೊಂದಕ್ಕ ನೋಡಿದ್ನಿ ಸರ್," ಅಂದಳು. "ಎದ್ದದ್ದು ಒಂದೂವರಿಗೆ."

ಯಾರಿಗೂ ಅರ್ಥವಾಗಲಿಲ್ಲ. ಆಕೆ ನಿಶಾತ್‌ಳ ಕಡೆ ತಿರುಗಿದಳು. "ನಾಕ್ ಸೆಕೆಂಡ್ ಏನ್ ಮಾಡ್ತೀರಿ ಅಂತ ಕೇಳಿದ್ದಿ ನೋಡವ್ವ, ನೆನಪೈತೇನು? ಬೆವರ ಒರಸ್ಕೋತಿರಲಿಲ್ಲ. ಕರಡಿಗಿ ಸರಸ್ತಿದ್ನಿ. ನಿನಗ ಹೇಳಿದ್ರ ಹಾಸಿಗಿ ಅದನ್ನೂ ಕಲತಬಿಡ್ತೈತಿ ಅಂತ ಹೇಳಲಿಲ್ಲ. ನನಗ ಹೊಟ್ಟಿಕಿಚ್ಚಾತು. ನಿನ್ನ ಮ್ಯಾಲ, ಅದರ ಮ್ಯಾಲ."

ಹೇಳಿ ಮುಗಿಸುವಷ್ಟರಲ್ಲಿ ನಿಜಕ್ಕೂ ಬೆವರಿದ್ದಳು. ಡಾಕ್ಟರು ಒಂದು ಕಾಗದ ಆಕೆಯ ಮುಂದೆ ಸರಿಸಿ, ಇದನ್ನೆಲ್ಲ ಬರೆದು ಸಹಿ ಮಾಡಿ ಕೊಡು ಎಂದರು. ಎರಡು ವರ್ಷ ಆಕೆಯ ಬಡ್ತಿ ನಿಂತಿತು, ಅದಕ್ಕೆ ಆಕೆ ಚಕಾರ ಎತ್ತಲಿಲ್ಲ. ನಿಶಾತ್ ಮಾತ್ರ ಸಂಜೆ ತಾನಾಗಿಯೇ ನಿಯಂತ್ರಣ ಕೋಣೆಗೆ ಬಂದಳು.

"ನಮ್ಮ ದಾದಿ, ಅಂದ್ರ ನಮ್ಮಪ್ಪನ ಅವ್ವ, ಆಕಿ ತೋಳಿನಾಗ ತಾಯತ ಇತ್ತು ಸಿಸ್ಟರ್. ಸಾಯೂತನಕ ಬಿಚ್ಚಲಿಲ್ಲ. ನೀವು ಒಂದ್ ಮಾತ್ ಹೇಳಿದ್ರ ನನಗ ತಿಳೀತಿತ್ತು," ಅಂದಳು. ಈ ಸಲ ನಗಲಿಲ್ಲ. ಚೀಲದಿಂದ ಎಡಗೈಯ ಗವಸು ತೆಗೆದು ಮೇಜಿನ ಮೇಲಿಟ್ಟಳು.

ಹಾಸಿಗೆಗೆ ಬೆರಳಿಲ್ಲ, ಅದು ಶಿವದಾರ ಹಿಡಿದು ಎಳೆಯಲಾರದು. ಆದರೆ ರಕ್ತವಿಲ್ಲದ ಗಟ್ಟಿ ವಸ್ತುವೊಂದು ತೊಗಲಿಗೆ ಒತ್ತುತ್ತಿದೆ ಎಂಬುದನ್ನು ಗುರುತಿಸುವುದನ್ನು ಕಲಿಯಬಲ್ಲದು. ಕರಡಿಗೆ, ತಾಯತ, ಉಡದಾರದ ಗಂಟು, ಎಲ್ಲೆಲ್ಲಿ ಜಾರುತ್ತವೆ, ಹೇಗೆ ಒತ್ತುತ್ತವೆ ಎಂದು ದ್ರಾಕ್ಷಾಯಣಿ ಒಂದು ವಾರ ಕೂತು ಕಲಿಸಿದಳು. ಖಾಲಿ ಕರಡಿಗೆಯೊಂದನ್ನು ಅಂಗಡಿಯಿಂದ ತಂದು ತನ್ನ ಬೆನ್ನಿನಡಿಯೇ ಇಟ್ಟುಕೊಂಡು ಹಾಸಿಗೆಯ ಮೇಲೆ ಮಲಗಿ ತೋರಿಸಿದಳು. ಅರ್ಧ ತಾಸಿಗೇ ಪ್ರಾಣ ಹೋದಂತಾಯಿತು. ಅತ್ತೆ ಇದರ ಮೇಲೆ ನಾಲ್ಕೂವರೆ ತಾಸು ಮಲಗಿದ್ದಳು, ಅದರಲ್ಲಿ ಎರಡೂವರೆ ತಾಸು ನಾನು ನೋಡುತ್ತ ಕುಳಿತದ್ದು ಎಂದು ಆಗ ಆಕೆಯ ಮೈಗೆ ಗೊತ್ತಾಯಿತು. ವಾರ ಮುಗಿದ ಮೇಲೆ ಹಾಸಿಗೆ ಅಂಥದ್ದು ಸಿಕ್ಕಾಗ ಹೊರಳಿಸುವುದನ್ನು ನಿಲ್ಲಿಸಿ ಕಾಯತೊಡಗಿತು. ಪರದೆಯ ಮೇಲೆ ಎರಡೇ ಪದ ಮೂಡುತ್ತಿದ್ದವು: ಕೈ ಬೇಕು.

ನೇರಳೆ ಕಲೆ ಹತ್ತು ದಿನ ಎಲ್ಲರನ್ನೂ ಆಟ ಆಡಿಸಿತು. ಕಪ್ಪಾಯಿತು, ಅಂಚು ಮೆತ್ತಗಾಯಿತು, ಒಂದು ದಿನ ಗುಳ್ಳೆ ಎದ್ದಿತು. ಬಿರಿಯಲಿಲ್ಲ. ಹನ್ನೊಂದನೇ ದಿನ ಕಂದು ಬಣ್ಣಕ್ಕೆ ತಿರುಗಿ ಒಣಗಿತು. ಆ ಹೊತ್ತಿಗೆ ಅತ್ತೆಯ ಮಾಸ್ಕು ಹೋಗಿ ಮೂಗಿನ ನಳಿಕೆಯಷ್ಟೇ ಉಳಿದಿತ್ತು, ಬೈಗುಳವೂ ಮರಳಿ ಬಂದಿತ್ತು. ಮಧ್ಯಾಹ್ನ ದ್ರಾಕ್ಷಾಯಣಿ ಹಾಸಿಗೆಯ ಪಕ್ಕ ಬಂದು ನಿಂತಳು. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದಳು.

ನೀಲಗಂಗವ್ವನೇ ಮೊದಲು ಬಾಯಿ ತೆಗೆದಳು. "ಒಂದ್ ಮಾತ್ ಕೇಳ್ತೀನಿ. ಅವತ್ತ ನಿನಗ್ಯಾಕ ಅಷ್ಟ ಸಿಟ್ಟ ಬಂದಿತ್ತ?"

"ಯಾವತ್ತ, ಅತ್ತಿ?"

"ನನಗೇನ ಕಣ್ಣ ತೆಗಿಯಾಕ ಆಗ್ತಿದ್ದಿಲ್ಲ. ಆದ್ರ ಮೂರ್ ಸಲ ತಟ್ಟಿ ಹೊರಳಸೂದು ನೀನ ಅಂತ ತಿಳಿಯೂದಿಲ್ಲೇನ? ಸ್ವಾಂಟ ಮುರದಾಗ ಎರಡ ತಿಂಗಳ ತಟ್ಟಿಸ್ಕೊಂಡೀನಿ. ಗುರುಗ ಹೇಳಿದ್ನಲ್ಲ, ಏನ್ ಹಗೂರ ಕೈಯೋ ಅಂತ. ನಿನಗ ಹೇಳಲಿಲ್ಲೇನ ಆ ಪುಣ್ಯಾತ್ಮ?"

ದ್ರಾಕ್ಷಾಯಣಿ ಹಾಸಿಗೆಯ ಕಂಬಿ ಹಿಡಿದುಕೊಂಡಳು. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು.

"ಹಿಂದಾಗಡೆ ಒಂದಿನ ಕರಡಿಗಿ ಬೆನ್ನಾಗ ಸಿಕ್ಕೊಂಡ ಒತ್ತಾಕ ಹತ್ತಿತು," ಅಂದಳು ಅತ್ತೆ. "ನೀ ಬರ್ತಿ, ತಟ್ಟತಿ, ಹೊರಳಸ್ತಿ, ಅದನ್ನಷ್ಟ ಸರಸವಲ್ಲಿ. ಸೊಸಿಗೆ ಯಾತರದರ ಸಿಟ್ಟ ಬಂದೈತಿ, ನಾ ಏನರ ಅಂದಿರಬೇಕು ಅಂತ ತಡಕೊಂಡ ಮಕ್ಕೊಂಡ್ನಿ. ಕೇಳಿ ಸರಿಸ್ಕೊಳ್ಳಾಕ ನನಗೂ ಮಾತ ಬರಲಿಲ್ಲ."

ಅದು ನಾನಲ್ಲ, ಹಾಸಿಗೆ ಎಂದು ಹೇಳಬಹುದಿತ್ತು. ಹೇಳಿದ್ದರೆ ಅದು ನಿಜವೂ ಆಗುತ್ತಿತ್ತು.

"ಸಿಟ್ಟ ಬಂದಿತ್ತ್ರಿ, ಅತ್ತಿ," ಅಂದಳು ದ್ರಾಕ್ಷಾಯಣಿ. "ನನ್ನ ಕೈ ಮ್ಯಾಲ."

ಮುದುಕಿಗೆ ಎಷ್ಟು ತಿಳಿಯಿತೋ ಏನೋ, ಬಿಡಿಸಿ ಕೇಳಲಿಲ್ಲ. ಅಷ್ಟರಲ್ಲಿ ಹೊರಳಿಸುವ ಹೊತ್ತಾಯಿತು. ಹೆಗಲಿನಡಿ ಹಾಸಿಗೆ ಮೂರು ಸಲ ತಟ್ಟಿತು, ಒಂದಿಷ್ಟು ಉಬ್ಬಿತು, ಥಟ್ಟನೆ ನಿಂತಿತು. ಗಾಜಿನಾಚೆಯ ಕೋಣೆಯಲ್ಲಿ ಗಂಟೆ ಬಾರಿಸಿತು. ದ್ರಾಕ್ಷಾಯಣಿ ಎಡಗೈಯನ್ನು ಅತ್ತೆಯ ಬೆನ್ನಿಗೆ ತೂರಿಸಿ, ಶಿವದಾರ ಹಿಡಿದು, ಕರಡಿಗೆಯನ್ನು ಮೆಲ್ಲಗೆ ಎದೆಯ ಮೇಲೆ ತಂದಿಟ್ಟಳು. ನೀಲಗಂಗವ್ವ ತನ್ನ ಕೈಯನ್ನು ಆ ಕೈಯ ಮೇಲೆ ಇಟ್ಟುಕೊಂಡಳು.

ನಾಲ್ಕು ಸೆಕೆಂಡು ಯಾವಾಗಲೋ ಮುಗಿದಿತ್ತು. ದ್ರಾಕ್ಷಾಯಣಿ ಕೈ ತೆಗೆಯಲಿಲ್ಲ, ಹಾಸಿಗೆಯೂ ಅವಸರ ಮಾಡಲಿಲ್ಲ.